ಕೊನೆಯನ್ನು ಮೊದಲೇ ಹೇಳುವ ಸಿನಿಮಾ

ನನ್ನ ಅತ್ತಿಗೆ ಹದಿನೇಳು ವರ್ಷ ಟಾಕೀಸಿನಲ್ಲಿ ದುಡಿದರೂ ಒಂದೇ ಒಂದು ಸಿನಿಮಾವನ್ನೂ ಕುರ್ಚಿಯಲ್ಲಿ ಕೂತು ನೋಡಿರಲಿಲ್ಲ. ಹೀಗೆಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಿ, ನನಗೇನೂ ನಷ್ಟವಿಲ್ಲ. ಹಾಗಂತ ಅವರು ನೋಡದ ಸಿನಿಮಾವೂ ಇರಲಿಲ್ಲ. ಎಲ್ಲವನ್ನೂ ಬೆರಳಲ್ಲಿ ನೋಡಿದ್ದರು.

ಬಾಲ್ಕನಿ ಮೆಟ್ಟಿಲಿನ ಕೆಳಗಿನ ಇಕ್ಕಟ್ಟು ಕೋಣೆ ಅವರದು. ನೆಟ್ಟಗೆ ನಿಂತರೆ ತಲೆ ತಾಗುತ್ತಿತ್ತು, ಹಾಗಾಗಿ ಅತ್ತಿಗೆ ಸದಾ ಕೂತೇ ಇರುತ್ತಿದ್ದರು. ಮೇಜಿನ ಎರಡು ತುದಿಗೆ ಕೈಯಿಂದ ತಿರುಗಿಸುವ ಚಕ್ರಗಳು, ನಡುವೆ ಒಂದು ಮಸುಕು ಗಾಜು, ಗಾಜಿನ ಕೆಳಗೆ ಬಲ್ಬು. ಊರೂರು ಸುತ್ತಿ ಬಂದ ರೀಲುಗಳು ಮೊದಲು ಇಲ್ಲಿಗೆ ಬರಬೇಕು. ಅತ್ತಿಗೆ ಎಡಗೈಗೆ ಹತ್ತಿಯ ಕೈಗವಸು ತೊಟ್ಟು, ಫಿಲ್ಮಿನ ಅಂಚನ್ನು ಬೆರಳ ಸಂದಿಯಲ್ಲಿ ಹಿಡಿದು, ಬಲಗೈಯಿಂದ ಚಕ್ರ ತಿರುಗಿಸುವರು. ಎಲ್ಲಿ ಅಂಚು ಹರಿದಿದೆ, ಎಲ್ಲಿ ಹಳೆಯ ಜೋಡಣೆ ಬಿಡುತ್ತಿದೆ ಎಂಬುದು ಬೆರಳಿಗೇ ತಿಳಿಯುತ್ತಿತ್ತು. ಹರಿದಲ್ಲಿ ಕತ್ತರಿಸಿ, ಬ್ಲೇಡಿನಿಂದ ಹೆರೆದು, ಅಂಟು ಸವರಿ, ಒತ್ತಿ ಹಿಡಿದು, ಮನಸ್ಸಿನಲ್ಲೇ ಇಪ್ಪತ್ತು ಎಣಿಸುವರು. ಅವರು ಜೋಡಿಸಿದ ಜಾಗ ಪರದೆಯ ಮೇಲೆ ಗೊತ್ತೇ ಆಗುತ್ತಿರಲಿಲ್ಲ.

ಪಕ್ಕದ ಊರಿನ ಟಾಕೀಸಿನಲ್ಲೂ ಇದೇ ಕೆಲಸದವನೊಬ್ಬನಿದ್ದ. ಅತ್ತಿಗೆ ಅವನ ಮುಖ ಕಂಡವರಲ್ಲ, ಜೋಡಣೆ ಮಾತ್ರ ಕಂಡವರು. ಅವನಿಗೆ ಅವರಿಟ್ಟ ಹೆಸರು ಕಟುಕ. "ಕಟುಕ ಮತ್ತೆ ಕೈಯಾಡಿಸಿದಾನೆ ನೋಡು ಬಾ. ಮುತ್ತು ಕೊಡೋಕೆ ಬಗ್ಗಿದವನ ತಲೇನೇ ಮಾಯ!" ಎಂದು ನನ್ನನ್ನು ಕರೆದು ತೋರಿಸುವರು. ಕಟುಕ ಎಲ್ಲೋ ಹರಿದ ತುಂಡನ್ನು ಇನ್ನೆಲ್ಲೋ ಅಂಟಿಸಿ ಕಳಿಸಿದ್ದೂ ಉಂಟು. ಮದುವೆಯಾದ ಮೇಲೆ ಹುಡುಗಿ ನೋಡಲು ಬಂದವನನ್ನು ಅತ್ತಿಗೆ ಎಷ್ಟೋ ಸಲ ಸರಿಯಾದ ಜಾಗಕ್ಕೆ ತಂದು ಕೂರಿಸಿದ್ದರು.

ಮೇಲೆ ಪ್ರೊಜೆಕ್ಟರ್ ಕೋಣೆಯಲ್ಲಿ ನನ್ನ ಅಣ್ಣ, ಮೆಟ್ಟಿಲ ಕೆಳಗೆ ಅತ್ತಿಗೆ, ಹೊರಗೆ ಟಿಕೆಟ್ ಕಿಟಕಿಯಲ್ಲಿ ನಾನು. ಟಾಕೀಸಿನ ಹಿಂಗೋಡೆಗೆ ಅಂಟಿಕೊಂಡ ಎರಡು ಕೋಣೆಯ ಮನೆ ನಮ್ಮದು. ಗಂಡನ ಜೊತೆ ಜಗಳವಾಡಿ ಮೂರು ದಿನ ಇದ್ದು ಹೋಗುತ್ತೇನೆಂದು ಬಂದವಳು ನಾನು. ಹನ್ನೊಂದು ವರ್ಷವಾಗಿತ್ತು. ಒಂದು ದಿನವಾದರೂ ಅತ್ತಿಗೆ "ಯಾವಾಗ ಹೊರಡ್ತೀಯ" ಎಂದು ಕೇಳಲಿಲ್ಲ, ಮುಖದಲ್ಲೂ ತೋರಿಸಲಿಲ್ಲ. ನನ್ನ ಬಾಯಿಯೋ, ಊರಿಗೇ ಕೇಳುವಂಥದ್ದು. ಕಿಟಕಿಯ ತೂತಿನಲ್ಲಿ ಏಕಕಾಲಕ್ಕೆ ಆರು ಕೈ ನುಗ್ಗಿಸುವ ಜನರ ಜೊತೆ ಬಾಳುವವಳಿಗೆ ಮೆತ್ತಗಿನ ಮಾತು ಎಲ್ಲಿಂದ ಬರಬೇಕು ಹೇಳಿ.

ಆ ವರ್ಷ ಅಣ್ಣನಿಗೆ ಕೆಮ್ಮು ಹಿಡಿಯಿತು. ಪ್ರೊಜೆಕ್ಟರಿನಲ್ಲಿ ಉರಿಯುವ ಕಾರ್ಬನ್ ಕಡ್ಡಿಯ ಹೊಗೆಯ ಕೆಮ್ಮು ಇದ್ದದ್ದೇ ಎಂದು ಅವನು ತಳ್ಳಿಹಾಕಿದ. ಕರವಸ್ತ್ರದಲ್ಲಿ ರಕ್ತ ಕಂಡಾಗ ನಾವಿಬ್ಬರೂ ಎಳೆದುಕೊಂಡು ಆಸ್ಪತ್ರೆಗೆ ಹೋದೆವು. ಅಣ್ಣ ಪರದೆಯ ಹಿಂದೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಡಾಕ್ಟರು ನಮ್ಮನ್ನು ಹೊರಗೆ ಕರೆದು, ಶ್ವಾಸಕೋಶದಲ್ಲಿ ಗಡ್ಡೆ ಬೆಳೆದಿದೆ, ಕೈಮೀರಿದೆ, ಆರು ತಿಂಗಳು, ಹೆಚ್ಚೆಂದರೆ ಒಂಬತ್ತು ಎಂದರು. "ಅವರಿಗೆ ನೀವೇ ಹೇಳ್ತೀರೋ, ನಾನು ಹೇಳಲೋ?"

ಅತ್ತಿಗೆ ಬಾಯಿ ತೆರೆಯುವ ಮೊದಲೇ ನಾನು "ಹೇಳೋದು ಬೇಡ" ಎಂದುಬಿಟ್ಟೆ. ದಾರಿಯಲ್ಲಿ ಅಣ್ಣ ಮುಂದೆ ಹೋಗುತ್ತಿದ್ದಾಗ ಅತ್ತಿಗೆಯ ಕೈ ಹಿಡಿದು, "ಹೇಳಿದ್ರೆ ನಾಳೆಯೇ ಹಾಸಿಗೆ ಹಿಡೀತಾನೆ. ಅವನು ನನ್ನ ಅಣ್ಣ, ನಂಗೊತ್ತು. ನೀವು ಬಾಯಿಬಿಟ್ರೆ ನಾನು ಮನೇಲಿರಲ್ಲ" ಎಂದು ಪಟ್ಟು ಹಿಡಿದೆ. ಅತ್ತಿಗೆ ತಲೆಯಾಡಿಸಿದರು. ಹಳೇ ನೆಗಡಿ ಎದೆಯಲ್ಲಿ ಕೂತಿದೆಯಂತೆ ಎಂದು ಅಣ್ಣನಿಗೆ ಹೇಳಿದ್ದೂ ನಾನೇ. ಅವನು ಸಲೀಸಾಗಿ ನಂಬಿದ. ಜೀವಮಾನವಿಡೀ ಅವನಿಗೆ ಸುಳ್ಳು ಹೇಳಿದ್ದು ಅದೊಂದೇ ಸಲ, ಅದಕ್ಕೇ ನಂಬಿದ.

ಆಮೇಲಿನ ನಾಲ್ಕು ವಾರ ಮನೆಯಲ್ಲಿ ನಡೆದದ್ದು ಬರೀ ನಾಟಕ. ಅಣ್ಣ "ಚಳಿಗಾಲ ಕಳೀಲಿ, ನಿಂಗೆ ಪ್ರೊಜೆಕ್ಟರ್ ಕಲಿಸ್ತೀನಿ ಕಣೇ, ಎಷ್ಟು ವರ್ಷದಿಂದ ಕೇಳ್ತಿದ್ದೀಯ" ಎಂದು ಅತ್ತಿಗೆಗೆ ಹೇಳುವನು. ಅತ್ತಿಗೆ ಹೂಂಗುಟ್ಟಿ ಪಾತ್ರೆ ತೊಳೆಯಲು ಹೋಗುವರು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುವರು. ನಾನು ನೋಡಿಯೂ ನೋಡದಂತೆ ಇರುತ್ತಿದ್ದೆ.

ಅಂಥ ಹೊತ್ತಿನಲ್ಲಿ ಬಂತು ಆ ಸಿನಿಮಾ. ನಮ್ಮ ಮ್ಯಾನೇಜರಿಗೆ ಹಳೆಯ ಅಮೆರಿಕನ್ ಚಿತ್ರಗಳ ಹುಚ್ಚು. ಶನಿವಾರ, ಭಾನುವಾರ ಬೆಳಗಿನ ಆಟಕ್ಕೆ ಅಂಥವನ್ನು ಹುಡುಕಿ ತರಿಸುತ್ತಿದ್ದರು. ಬರುವವರು ಮೂವತ್ತೋ ನಲವತ್ತೋ ಜನ. ಈ ಸಲದ್ದು ಕಪ್ಪು ಬಿಳುಪಿನ ಅಪರಾಧ ಚಿತ್ರ. ಶುಕ್ರವಾರ ಅತ್ತಿಗೆ ಮೊದಲ ರೀಲನ್ನು ಗಾಜಿನ ಮೇಲೆ ಎಳೆದವರೇ ಗೊಣಗತೊಡಗಿದರು. "ಇದೇನು, ದೀಪಕ್ಕೂ ಬಡತನವಾ ಇವ್ರಿಗೆ? ಮುಖ ಅರ್ಧವೇ ಇದೆ. ಗೋಡೆ ತುಂಬ ಕಿಟಕಿ ಪಟ್ಟಿಯ ನೆರಳು. ಬೀದಿ ಒದ್ದೆ, ಮನುಷ್ಯ ಕಪ್ಪು, ಟೋಪಿ ಕಪ್ಪು. ಪ್ರಿಂಟು ತೊಳೆಯುವಾಗಲೇ ಹಾಳಾಗಿದೆ." ನಾನೂ ನೋಡಿದೆ. ಮಸಿ ಚೆಲ್ಲಿದ ಕಾಗದದ ಹಾಗಿತ್ತು.

ಮೊದಲ ರೀಲಿನಲ್ಲಿ ಹೆಸರುಗಳು ಮುಗಿದ ಕೂಡಲೇ ಒಬ್ಬ ಕೋಟಿನವನು ಕ್ಷೌರದಂಗಡಿಗೆ ಬರುತ್ತಾನೆ. ಒಂದು ಕೈ ಹೊಟ್ಟೆಯ ಮೇಲೆ, ಬೆರಳ ಸಂದಿಯಲ್ಲಿ ರಕ್ತ. ಕುರ್ಚಿಯಲ್ಲಿ ಕೂತು ಕ್ಷೌರಿಕನಿಗೆ ಏನೋ ಹೇಳುತ್ತಾನೆ. ಕ್ಷೌರಿಕ ನೊರೆ ಹಚ್ಚುತ್ತಾನೆ. ಎಂಟು ನಿಮಿಷ ಹೀಗೆ ಹೋಗಿ, ಆಮೇಲೆ ಅದೇ ಮನುಷ್ಯ ಗಟ್ಟಿಮುಟ್ಟಾಗಿ, ಪಿಯಾನೋ ಅಂಗಡಿಯಲ್ಲಿ ಗುಮಾಸ್ತನಾಗಿ ಕೆಲಸ ಮಾಡುತ್ತಿರುತ್ತಾನೆ. ಕೊನೆಯ ರೀಲಿನಲ್ಲಿ ಅವನಿಗೆ ಗುಂಡೇಟು ಬೀಳುತ್ತದೆ, ಮತ್ತೆ ಅದೇ ಕ್ಷೌರದಂಗಡಿ, ಅದೇ ಕುರ್ಚಿ.

ಅತ್ತಿಗೆ ಸೊಂಟಕ್ಕೆ ಕೈಕೊಟ್ಟು ಕೂತರು. "ಕಟುಕನ ಕೈಚಳಕ! ಕೊನೇ ತುಂಡನ್ನ ತಂದು ಮೊದಲಿಗೆ ಅಂಟಿಸಿದಾನೆ. ಗುಂಡು ಬೀಳೋ ಮೊದಲೇ ರಕ್ತ ಎಲ್ಲಿಂದ ಬರುತ್ತೆ?" ಗಾಜಿನ ಮೇಲೆ ಫಿಲ್ಮಿಗೆ ದನಿಯಿಲ್ಲ. ದನಿ ಇದ್ದರೂ ನಮಗೆ ಆ ಇಂಗ್ಲಿಷ್ ಅರ್ಥವಾಗುತ್ತಿರಲಿಲ್ಲ. ಅವರ ತರ್ಕ ನನಗೂ ಸರಿಯೆನಿಸಿತು. ಎಂಟು ನಿಮಿಷದ ಆ ತುಂಡನ್ನು ಕತ್ತರಿಸಿ, ಕೊನೆಯ ರೀಲಿನಲ್ಲಿ ಗುಂಡೇಟಿನ ನಂತರ ಅಂದವಾಗಿ ಜೋಡಿಸಿದರು. ಕೊನೆಯ ರೀಲು ಚಿಕ್ಕದು, ಜಾಗವಿತ್ತು. ಕೆಲಸ ಮುಗಿಸಿ, "ಅಂತೂ ಕಥೆ ದಾರಿಗೆ ಬಂತು" ಎಂದು ಕೈಗವಸು ಕಳಚಿದರು.

ಶನಿವಾರದ ಆಟ ತೋಪಾಯಿತು. ಒಬ್ಬ ಗುಮಾಸ್ತ, ಟೋಪಿಯಿಂದ ಮುಖಕ್ಕೆ ಬಲೆ ಇಳಿಬಿಟ್ಟ ಒಬ್ಬಳು, ಅವನ ಯಜಮಾನನ ಹೆಂಡತಿ, ಇಬ್ಬರೂ ಸೇರಿ ಯಜಮಾನನನ್ನು ಮುಗಿಸುವುದು, ಅವಳು ಇವನಿಗೆ ಕೈಕೊಡುವುದು. ಜನ ಆಕಳಿಸಿದರು. ಕೊನೆಯಲ್ಲಿ ಹೊಟ್ಟೆಗೆ ಗುಂಡು ಬಿದ್ದವನು ಹೋಗಿ ಎಂಟು ನಿಮಿಷ ಆರಾಮವಾಗಿ ಮಾತಾಡುತ್ತ ನೊರೆ ಹಚ್ಚಿಸಿಕೊಂಡಾಗ ಹಿಂದಿನ ಸಾಲಿನಿಂದ, "ಹಾಗೇ ತಲೆಗೂ ಸ್ವಲ್ಪ ಎಣ್ಣೆ ತಿಕ್ಕಿಸ್ಕೋ ಮಾರಾಯ!" ಎಂದು ಕೂಗು ಬಂತು. ಟಾಕೀಸೆಲ್ಲ ನಗು.

ನಗದಿದ್ದವರು ಒಬ್ಬರೇ, ವಾಚು ರಿಪೇರಿಯವರು. ಎದುರು ಬೀದಿಯಲ್ಲಿ ಅಂಗಡಿ, ಅರವತ್ತು ದಾಟಿದ ವಯಸ್ಸು, ಇಂಗ್ಲಿಷ್ ಬಲ್ಲವರು. ಆಟ ಬಿಟ್ಟ ಮೇಲೆ ನೇರ ನನ್ನ ಕಿಟಕಿಗೆ ಬಂದರು. ಕಣ್ಣು ತುಂಬಿಕೊಂಡಿತ್ತು.

"ಏನಮ್ಮಾ, ಯಾರು ಮಾಡಿದ್ದು ಇದನ್ನ? ಇಪ್ಪತ್ತರ ವಯಸ್ಸಲ್ಲಿ ನೋಡಿದ್ದೆ. ಮತ್ತೊಮ್ಮೆ ನೋಡಿ ಸಾಯಬೇಕು ಅಂತಿದ್ದೆ. ಕೊಂದುಬಿಟ್ರಲ್ಲಾ!"

ನಾನು ಸುಮ್ಮನಿರುವವಳೇ? "ನಿಮಗೇನು ಗೊತ್ರೀ ನಮ್ಮ ಕೆಲಸ? ತಲೆಕೆಳಗಾಗಿದ್ದನ್ನ ನಮ್ಮತ್ತಿಗೆ ನೆಟ್ಟಗೆ ಮಾಡಿದಾರೆ."

"ತಲೆಕೆಳಗಾಗೇ ಇರಬೇಕಾದ್ದಮ್ಮ ಅದು!" ಎಂದು ಅವರು ತಲೆ ಚಚ್ಚಿಕೊಂಡರು.

ಗಲಾಟೆ ಕೇಳಿ ಅತ್ತಿಗೆ ಹೊರಗೆ ಬಂದರು. ವಾಚಿನವರು ವಿವರಿಸಿದರು. ಆ ಮನುಷ್ಯ ತಾನು ಸಾಯುತ್ತಿದ್ದೇನೆಂದು ತಿಳಿದೇ ಕುರ್ಚಿಯಲ್ಲಿ ಕೂರುತ್ತಾನೆ. ನನಗೆ ಹೆಚ್ಚು ಹೊತ್ತಿಲ್ಲ, ನಿಧಾನವಾಗಿ ಕ್ಷೌರ ಮಾಡು ಎಂದು ಹೇಳಿ ಕಥೆ ಶುರು ಮಾಡುತ್ತಾನೆ. ಉಳಿದ ಸಿನಿಮಾವೆಲ್ಲ ಅವನು ಹೇಳುವ ಕಥೆ. ಅತ್ತಿಗೆಯ ಮುಖ ಬಿಳುಚಿತು. ಹದಿನೇಳು ವರ್ಷದಲ್ಲಿ ಅವರ ಕೈ ತಪ್ಪಿದ್ದು ಅದೇ ಮೊದಲು. "ತಪ್ಪಾಯ್ತು ಯಜಮಾನ್ರೇ. ನಾಳೆ ಬನ್ನಿ. ಹೇಗಿತ್ತೋ ಹಾಗೇ ಇರುತ್ತೆ" ಎಂದರು. ಆಮೇಲೆ ಸ್ವಲ್ಪ ಹಟದ ದನಿಯಲ್ಲೇ ಕೇಳಿದರು, "ಆದ್ರೂ, ಸಾಯ್ತಾನೆ ಅಂತ ಮೊದಲೇ ಗೊತ್ತಾದ್ಮೇಲೆ ಜನ ಎರಡು ಗಂಟೆ ಯಾಕೆ ಕೂರ್ತಾರೆ?"

"ಬಾಯಲ್ಲಿ ಹೇಳಿದ್ರೆ ತಿಳಿಯಲ್ಲ. ನಾಳೆ ಕೂತು ನೋಡಮ್ಮ. ಮಾತೆಲ್ಲ ನಾನು ಹೇಳ್ತೀನಿ."

ಅತ್ತಿಗೆ ಮಧ್ಯಾಹ್ನವೇ ತುಂಡನ್ನು ಬಿಡಿಸಿ ಮೊದಲಿದ್ದಲ್ಲಿಗೆ ಜೋಡಿಸಿದರು. ಹೀಗೆ ಕತ್ತರಿಸಿ ಅಂಟಿಸುವಾಗ ಒಂದೊಂದು ಕಡೆ ಫಿಲ್ಮಿನ ಒಂದೊಂದು ಚಿತ್ರ ಹೋಗುತ್ತದೆ, ಪರದೆಯ ಮೇಲೆ ಕಣ್ಣಿಗೆ ಕಾಣದಷ್ಟು. ಆ ಎರಡು ಚೂರನ್ನು ಅಂಗೈಯಲ್ಲಿಟ್ಟುಕೊಂಡು, "ಕಟುಕನಿಗೆ ಬೈತಿದ್ದೆ, ನಾನೇ ಕಟುಕಿ ಆದೆ" ಎಂದು ಬೇಸರಪಟ್ಟರು.

ಭಾನುವಾರ ಅವರು ಟಾಕೀಸಿನ ಕುರ್ಚಿಯಲ್ಲಿ ಕೂತರು. ಸೀರೆ ಸರಿಮಾಡಿಕೊಂಡು, ಪರರ ಮನೆಗೆ ಹೋದವರಂತೆ ತುದಿಯಲ್ಲಿ. ಆ ಪಕ್ಕ ವಾಚಿನವರು, ಈ ಪಕ್ಕ ನಾನು. ದೀಪ ಆರಿತು. ಅಣ್ಣ ಮೇಲಿಂದ ಬೆಳಕು ಬಿಟ್ಟ.

ಗಾಜಿನ ಮೇಲೆ ಮಸಿಯಂತೆ ಕಂಡದ್ದು ಪರದೆಯ ಮೇಲೆ ಬೇರೆಯೇ ಆಗಿತ್ತು. ಕತ್ತಲೆಯಲ್ಲೂ ಎಷ್ಟು ಬಗೆ! ಕೋಟಿನ ಕಪ್ಪು ಬೇರೆ, ಬೀದಿಯ ಕಪ್ಪು ಬೇರೆ, ಬಾಗಿಲ ಸಂದಿಯ ಕಪ್ಪು ಬೇರೆ. ಅರ್ಧ ಮುಖ ಕಾಣುವಾಗ ಇನ್ನರ್ಧದಲ್ಲಿ ಏನಿದೆಯೋ ಎಂದು ಮನಸ್ಸು ಹೋಗಿ ಹುಡುಕುತ್ತಿತ್ತು. ವಾಚಿನವರು ಪಿಸುಗುಟ್ಟುತ್ತಲೇ ಇದ್ದರು. ಗುಮಾಸ್ತ ಅವಳನ್ನು ಕಾಣಲು ಹೋಗುವ ಮುನ್ನ ಕನ್ನಡಿಯ ಮುಂದೆ ನಿಂತು ಎರಡು ಟೈ ಹಿಡಿದು ಯಾವುದೆಂದು ಯೋಚಿಸುತ್ತಾನೆ. ಹಿಂದಿನ ದಿನ ಇದೇ ಜಾಗದಲ್ಲಿ ಜನ ಕಡಲೆಬೀಜ ಜಗಿಯುತ್ತಿದ್ದರು. ಇವತ್ತು ಒಂದು ಸದ್ದೂ ಇಲ್ಲ. ಅವನು ಸಾಯುತ್ತಾನೆ ಎಂದು ಎಲ್ಲರಿಗೂ ಗೊತ್ತು, ಹಾಗಾಗಿ ಅವನು ಟೈ ಆರಿಸುವುದೂ ದೊಡ್ಡ ಸಂಗತಿಯಾಗಿತ್ತು. ಹೊಸ ಬೂಟು ಕೊಂಡ, ಎಷ್ಟು ದಿನ ಹಾಕುತ್ತಾನೋ ಎನಿಸಿತು. ಬಸ್ಸಿನಲ್ಲಿ ಯಾರದೋ ಮಗುವಿಗೆ ಟೋಪಿ ತೊಡಿಸಿ ನಕ್ಕ, ನಾನು ಕಣ್ಣೊರೆಸಿಕೊಂಡೆ. ಕೊಲೆಗಾರ ಅವನು, ನನಗವನ ಮೇಲೆ ಕನಿಕರ ಯಾಕೆ ಬರಬೇಕು? ಆದರೂ ಬಂತು, ಏನು ಮಾಡಲಿ.

ತಿರುಗಿ ನೋಡಿದರೆ ಅತ್ತಿಗೆ ಸೆರಗು ಬಾಯಿಗೊತ್ತಿಕೊಂಡು ಅಳುತ್ತಿದ್ದರು.

ಆಟ ಮುಗಿದು ಜನ ಹೋದ ಮೇಲೂ ಅವರು ಏಳಲಿಲ್ಲ. ವಾಚಿನವರು ಸೂಕ್ಷ್ಮ ತಿಳಿದು ಹೊರಗೆ ಹೋದರು. ಆಗ ಅತ್ತಿಗೆ ನನ್ನ ಕಡೆ ತಿರುಗಿದರು. "ಅವನಿಗೆ ಗೊತ್ತಿತ್ತು. ಅವನ ಕಥೇನ ಅವನೇ ಹೇಳ್ಕೊಂಡ. ನಿಮ್ಮಣ್ಣನ ಕಥೇನ ಮಾತ್ರ ನಾವಿಬ್ರೂ ಬಚ್ಚಿಟ್ಕೊಂಡು ಕೂತಿದ್ದೀವಿ. ನಾವು ಅವರನ್ನ ದಿನಾ ಕಣ್ತುಂಬ ನೋಡ್ತೀವಿ, ಯಾಕೆ ಅಂತ ಅವರಿಗೆ ಗೊತ್ತಿಲ್ಲ. ಇದು ನ್ಯಾಯವಾ?"

"ಸಿನಿಮಾ ನೋಡಿ ಮನೆ ಹಾಳು ಮಾಡ್ಬೇಡಿ ಅತ್ತಿಗೆ!" ಎಂದು ರೇಗಿದೆ. ಭಯಕ್ಕೆ ರೇಗಿದ್ದು. ಅವರು ಎದ್ದು ಹೋದರು.

ಊಟಕ್ಕೆ ಕೂತಾಗ ಹೇಳಿಬಿಟ್ಟರು. ಸುತ್ತಿ ಬಳಸಿ ಅಲ್ಲ. "ರೀ, ನಿಮ್ಮ ಎದೇಲಿರೋದು ನೆಗಡಿ ಅಲ್ಲ." ಡಾಕ್ಟರು ಹೇಳಿದ್ದನ್ನು, ತಿಂಗಳ ಲೆಕ್ಕವನ್ನು, ಒಂದೂ ಬಿಡದೆ ಹೇಳಿದರು. ಅಣ್ಣ ತುತ್ತು ಕೈಯಲ್ಲೇ ಹಿಡಿದು ಕೂತಿದ್ದ. ಅವನು ಮೊದಲೇ ಊಹಿಸಿದ್ದ ಎಂದು ನೀವು ಅಂದುಕೊಂಡರೆ ತಪ್ಪು. ಅವನಿಗೆ ಏನೇನೂ ಗೊತ್ತಿರಲಿಲ್ಲ. ಬೇಸಿಗೆಗೆ ಮನೆಗೆ ಸುಣ್ಣ ಹೊಡೆಸುವ ಯೋಚನೆಯಲ್ಲಿದ್ದ.

"ಒಂದು ತಿಂಗಳು ಮುಚ್ಚಿಟ್ರಾ?" ಅಣ್ಣ ತುತ್ತನ್ನು ತಟ್ಟೆಗೆ ಹಾಕಿದ. "ಹೇಳಬೇಡ ಅಂತ ಅಂದಿದ್ದು ಯಾರು?"

ನಾನು ಬಾಯಿ ತೆರೆದೆ, ಮಾತು ಹೊರಡಲಿಲ್ಲ.

"ನಾನೇ" ಎಂದರು ಅತ್ತಿಗೆ.

ಅಣ್ಣ ತಟ್ಟೆ ಸರಿಸಿ ಎದ್ದ. ಆ ದಿನ ಅತ್ತಿಗೆಯ ಜೊತೆ ಮಾತಾಡಲಿಲ್ಲ, ಮರುದಿನವೂ ಇಲ್ಲ. ಕೂತವನು ಅವರು ಬಂದರೆ ಎದ್ದುಹೋಗುವನು. ಅತ್ತಿಗೆ ನನ್ನತ್ತ ಬೆರಳು ತೋರಿಸಲಿಲ್ಲ, ದುರುಗುಟ್ಟಿ ನೋಡಲೂ ಇಲ್ಲ. ನನಗೆ ಒಂದು ಲೋಟ ಹೆಚ್ಚೇ ಕಾಫಿ ಕೊಟ್ಟರು. ಅದನ್ನು ಬಚ್ಚಲಿಗೆ ಚೆಲ್ಲಿದೆ. ಎಣಿಸಿ ಸಿಕ್ಕಿರುವ ದಿನಗಳಲ್ಲಿ ಎರಡನ್ನು ನನ್ನ ಹೇಡಿತನ ನುಂಗಿತ್ತು. ಊರಿಗೇ ಕೇಳುವ ಬಾಯಿ ನನ್ನದು, ಬೇಕಾದಾಗ ಬೀಗ ಬಿದ್ದಿತ್ತು.

ಮಂಗಳವಾರ ಬೆಳಿಗ್ಗೆ ಪ್ರೊಜೆಕ್ಟರ್ ಕೋಣೆಗೆ ಹತ್ತಿದೆ. ಅಣ್ಣ ಯಂತ್ರದ ಹಲ್ಲುಗಳಿಗೆ ಅಂಟಿದ ಮಸಿಯನ್ನು ಬ್ರಷ್ಷಿನಿಂದ ತೆಗೆಯುತ್ತಿದ್ದ. ಅಲ್ಲಿ ಒಂದೇ ಸ್ಟೂಲು, ನಾನದರ ಮೇಲೆ ಕೂತೆ. "ಹೇಳಬೇಡ ಅಂದಿದ್ದು ನಾನು ಅಣ್ಣ. ಮನೆ ಬಿಟ್ಟು ಹೋಗ್ತೀನಿ ಅಂತ ಹೆದರಿಸಿದ್ದೂ ನಾನು. ಅತ್ತಿಗೇದು ಏನೂ ತಪ್ಪಿಲ್ಲ. ನನ್ನ ತಪ್ಪನ್ನ ಅವರು ಹೊತ್ಕೊಂಡ್ರು, ನಾನು ನೋಡ್ತಾ ನಿಂತೆ. ನನ್ನನ್ನ ಬೈ, ಹೊಡಿ, ಏನಾದ್ರೂ ಮಾಡು."

ಅಣ್ಣ ಬ್ರಷ್ಷು ಕೆಳಗಿಟ್ಟ. ನನ್ನನ್ನೇ ದಿಟ್ಟಿಸಿದ. "ನೀನಾ? ಟಿಕೆಟ್ ಖಾಲಿ ಅನ್ನೋದನ್ನ ಮೂರು ಬೀದಿಗೆ ಕೇಳೋ ಹಾಗೆ ಹೇಳೋಳು, ಒಂದು ತಿಂಗಳು ಹೇಗೆ ತಡ್ಕೊಂಡೆ? ಹೊಟ್ಟೆ ಉಬ್ಬರಿಸಲಿಲ್ವಾ?" ಎಂದವನೇ ನಗತೊಡಗಿದ. ನಕ್ಕು ನಕ್ಕು ಕೆಮ್ಮಿದ, ಕೆಮ್ಮಿ ಕೆಮ್ಮಿ ಅತ್ತ. ನಾನೂ ಅತ್ತೆ. ಆಮೇಲೆ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು, ತಲೆ ಬಗ್ಗಿಸಿ ಆ ಇಕ್ಕಟ್ಟು ಕೋಣೆಗೆ ಹೋದ. "ನಾಲ್ಕು ವಾರ ನೀವು ಕದ್ರಿ, ಎರಡು ದಿನ ನಾನು ಹಾಳು ಮಾಡ್ದೆ" ಎಂದು ಅತ್ತಿಗೆಗೆ ಹೇಳಿದ್ದು ನನಗೆ ಮೆಟ್ಟಿಲ ಮೇಲಿಂದ ಕೇಳಿಸಿತು. "ಇನ್ಮೇಲೆ ಯಾರೂ ಒಂದು ಗಂಟೇನೂ ಕದೀಬಾರ್ದು. ಏಳು, ಮೇಲೆ ಬಾ. ಕಲಿಸ್ತೀನಿ."

ಅವನು ಎಂಟು ತಿಂಗಳು ಬದುಕಿದ. ಹಾಸಿಗೆ ಹಿಡಿಯುತ್ತಾನೆ ಎಂದಿದ್ದೆನಲ್ಲ, ನಾನೆಂಥ ಮೂರ್ಖಳು! ಅಷ್ಟು ಚುರುಕಾಗಿ ಅವನು ಓಡಾಡಿದ್ದನ್ನು ನಾನು ಕಂಡಿರಲಿಲ್ಲ. ಅತ್ತಿಗೆಗೆ ಕಡ್ಡಿ ಹೊತ್ತಿಸುವುದು, ಬೆಳಕು ತಿದ್ದುವುದು, ಎಲ್ಲ ಕಲಿಸಿದ. ಎಲ್ಲಕ್ಕಿಂತ ಕಷ್ಟದ್ದು ಒಂದು ಯಂತ್ರದಲ್ಲಿ ರೀಲು ಮುಗಿಯುವಾಗ ಇನ್ನೊಂದಕ್ಕೆ ಬದಲಿಸುವುದು. ಪರದೆಯ ಮೂಲೆಯಲ್ಲಿ ಒಂದು ಚುಕ್ಕಿ ಮಿಂಚಿದರೆ ಎರಡನೇ ಯಂತ್ರ ಓಡಿಸಬೇಕು, ಇನ್ನೊಂದು ಚುಕ್ಕಿಗೆ ಬೆಳಕು ದಾಟಿಸಬೇಕು. ಅರೆಗಳಿಗೆ ತಡವಾದರೆ ಪರದೆ ಬೆಳ್ಳಗೆ, ಜನರ ಸಿಳ್ಳೆ. ಅತ್ತಿಗೆಗೆ ಅದು ಬೇಗ ಕೈಗೆ ಹತ್ತಲಿಲ್ಲ. ಅಣ್ಣ "ಇರ್ಲಿ ಬಿಡು, ಮತ್ತೆ ಮಾಡು" ಎನ್ನುತ್ತಿದ್ದ. ಬೇರೆಯವರ ಮೇಲೆ ಹರಿಹಾಯುವವನು ಅವರ ಮೇಲೆ ಒಂದು ಸಲವೂ ದನಿ ಏರಿಸಲಿಲ್ಲ. ಬೆಳಗಿನ ಆಟಗಳಿಗೆ ಗಂಡ ಹೆಂಡತಿ ಸರದಿಯಲ್ಲಿ ಕೆಳಗಿಳಿದು ಕುರ್ಚಿಯಲ್ಲಿ ಕೂರತೊಡಗಿದರು. ವಾಚಿನವರು ಪಕ್ಕದಲ್ಲಿ ಕೂತು, ಕೋಟು ಟೋಪಿಯ ಅಂಥ ಕತ್ತಲ ಸಿನಿಮಾ ಬಂದಾಗಲೆಲ್ಲ ಮಾತು ಬಿಡಿಸಿ ಹೇಳುವರು. ಮೋಸಗಾತಿಯನ್ನು ಕಂಡರೆ ಅಣ್ಣನಿಗೆ ಖುಷಿ. "ಎಲ್ಲ ಗೊತ್ತಿದ್ದೂ ಅವಳ ಹಿಂದೆ ಹೋಗ್ತಾನಲ್ಲ ಇವನು, ಅದೇ ಚೆಂದ" ಎನ್ನುತ್ತಿದ್ದ. ಮ್ಯಾನೇಜರು ಅಣ್ಣನ ನಂತರ ಅವನ ಕೆಲಸ ಅತ್ತಿಗೆಗೇ ಎಂದು ಬರೆದುಕೊಟ್ಟರು. ಟಾಕೀಸು ಮುಚ್ಚುವವರೆಗೆ, ಹದಿನಾಲ್ಕು ವರ್ಷ, ಆ ಯಂತ್ರಗಳನ್ನು ಓಡಿಸಿದ್ದು ಅತ್ತಿಗೆ. ನಾವಿಬ್ಬರೂ ಯಾರ ಮನೆ ಬಾಗಿಲಿಗೂ ಹೋಗಬೇಕಾಗಲಿಲ್ಲ. ಇದಕ್ಕೆಲ್ಲ ನಾನು ಯಾರಿಗೆ ಕೈಮುಗಿಯಲಿ? ಎಲ್ಲೋ ಕೂತು ಆ ಕಥೆಯನ್ನು ಕೊನೆಯಿಂದ ಹೇಳಬೇಕೆಂದು ಹಟ ಹಿಡಿದ, ಹೆಸರೂ ತಿಳಿಯದ ಪುಣ್ಯಾತ್ಮನಿಗೆ ಕೈಮುಗಿಯುತ್ತೇನೆ. ವಾಚಿನವರಿಗೆ ಕೈಮುಗಿಯುತ್ತೇನೆ. ಎಲ್ಲಕ್ಕಿಂತ ಹೆಚ್ಚಾಗಿ, ತಪ್ಪು ಮಾಡಿ, ತಪ್ಪೆಂದು ಒಪ್ಪಿ, ನನ್ನ ತಪ್ಪನ್ನೂ ಹೊತ್ತ ಅತ್ತಿಗೆಗೆ.

ಕೊನೆಯ ವಾರ ಅಣ್ಣ ಹಾಸಿಗೆಯಿಂದೇಳಲಿಲ್ಲ. ಒಂದು ಮಧ್ಯಾಹ್ನ ನಾನು ಪಕ್ಕದಲ್ಲಿದ್ದೆ. ಮೇಲೆ ಅತ್ತಿಗೆ ಒಬ್ಬರೇ ಆಟ ನಡೆಸುತ್ತಿದ್ದರು. ಗೋಡೆಯಾಚೆಯಿಂದ ಸಿನಿಮಾದ ದನಿ ಬರುತ್ತಿತ್ತು. ಅಣ್ಣ ಕಣ್ಣು ಮುಚ್ಚಿ ಕೇಳುತ್ತಿದ್ದ. ಯಾವ ಮಾತಿಗೆ ಯಾವ ರೀಲು ಮುಗಿಯುತ್ತದೆಂದು ಅವನಿಗೆ ಬಾಯಿಪಾಠ. ರೀಲು ಮುಗಿಯುವ ಮಾತು ಬಂದಾಗ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದ, ಉಸಿರು ಬಿಗಿಹಿಡಿದ. ಗೋಡೆಯಾಚೆ ಮಾತು ಎಲ್ಲೂ ತುಂಡಾಗದೆ ಮುಂದುವರಿಯಿತು. ಕೈ ಸಡಿಲವಾಯಿತು.

"ಕೂದಲೆಳೆಯಷ್ಟೂ ಸಂದು ಬಿಡಲಿಲ್ಲ ನೋಡು" ಎಂದ. "ನಂಗೂ ಹೀಗೆ ಬರ್ತಿರಲಿಲ್ಲ."

"ಆಟ ಬಿಟ್ಟ ಕೂಡ್ಲೇ ಅತ್ತಿಗೆಗೆ ಹೇಳ್ತೀನಿ ಅಣ್ಣ."

"ಬೇಡ, ನಾನೇ ಹೇಳ್ಬೇಕು."

ಮಾತಾಡಿದರೆ ಆಯಾಸ, ಹಾಗಾಗಿ ಒಂದೂವರೆ ಗಂಟೆ ತುಟಿ ಬಿಚ್ಚದೆ ಆ ಒಂದು ಮಾತನ್ನು ಕಾಪಾಡಿಕೊಂಡು ಮಲಗಿದ್ದ. ಅತ್ತಿಗೆ ಬೆವರೊರೆಸಿಕೊಳ್ಳುತ್ತ ಬಂದು ಅವನ ಪಕ್ಕ ಕೂತರು. ಅಣ್ಣ ಹೇಳಿದ.